ಸಹಾಯ ಬೇಕು: ಆನ್‌ಲೈನ್ ಚೆಸ್‌ನಲ್ಲಿ ಎಂಜಿನ್ (ನಡೆ ಹೇಳಿಕೊಡುವ ಕಂಪ್ಯೂಟರ್ ಪ್ರೋಗ್ರಾಂ) ಬಳಸಿದ್ದಾರಾ ಅಂತ ನೋಡಿ ಹೇಳುವವರು

ನಮಸ್ಕಾರ. ಹೈಸ್ಕೂಲ್ ಮಕ್ಕಳಿಗೆ ಪ್ರತಿ ಭಾನುವಾರ ಲಿಚೆಸ್ ಅನ್ನೋ ಚೆಸ್ ವೆಬ್‌ಸೈಟ್‌ನಲ್ಲಿ ಟೂರ್ನಿ ನಡೆಸುತ್ತೇವೆ. ಈಗ ಪಟ್ಟಿಯಲ್ಲಿ ಮೊದಲಿರುವ ಖಾತೆಯ ಮೇಲೆ ಅನುಮಾನ ಬಂದಿದೆ. ಕುದುರೆಯನ್ನು ತಿರುಗಿ ಹೊಡೆಯದೆ ಬೇರೆ ದಾರಿಯೇ ಇಲ್ಲದ ಕಡೆಯೂ ಒಂದು ನಡೆಗೆ ಏಳೆಂಟು ಸೆಕೆಂಡ್ ತಗೊಳ್ತಾರೆ, ತಲೆ ಕೆಡಿಸುವ ಎಂಡ್‌ಗೇಮ್‌ನಲ್ಲೂ (ಆಟದ ಕೊನೆಯ ಹಂತ) ಅಷ್ಟೇ. ಮನುಷ್ಯರು ಹೀಗೆ ಆಡೋದು ಅಪರೂಪ ಅಲ್ವಾ?

ನಡೆಗಳು ಸ್ಟಾಕ್‌ಫಿಶ್ ಅನ್ನೋ ಎಂಜಿನ್ ಹೇಳುವ ನಡೆಗಳ ಜೊತೆ ಹೊಂದುತ್ತವೆ ಅನ್ನೋ ಒಂದೇ ಕಾರಣಕ್ಕೆ ತೆಗೆದುಹಾಕಲು ಮನಸ್ಸಿಲ್ಲ. ಓಪನಿಂಗ್ (ಆಟದ ಆರಂಭದ ನಡೆಗಳು) ಬಾಯಿಪಾಠ ಮಾಡಿದ ಮಗುವಿನ ಮೊದಲ ಹತ್ತು ನಡೆಗಳೂ ಹಾಗೇ ಹೊಂದುತ್ತವೆ. ಸುಮ್ನೆ ಒಂದು ಮಗುವಿಗೆ ಕಳ್ಳ ಅನ್ನೋ ಹೆಸರು ಬರಬಾರದು. ಹಾಗಂತ ನಿಯತ್ತಾಗಿ ಆಡಿದವರು ಕೆಳಗೇ ಉಳಿಯೋದೂ ಅನ್ಯಾಯ.

ಆರ್ಬಿಟರ್ (ಚೆಸ್ ತೀರ್ಪುಗಾರರು) ಆಗಿ ಅನುಭವ ಇರುವವರು, ಚೆನ್ನಾಗಿ ಆಡುವವರು ಈ ಆಟಗಳನ್ನು ನೋಡಿ ಅಭಿಪ್ರಾಯ ಹೇಳುತ್ತೀರಾ? ಲಿಂಕ್‌ಗಳನ್ನು ಇನ್‌ಬಾಕ್ಸ್‌ಗೆ ಕಳಿಸುತ್ತೇನೆ. ಖಾತೆಯ ಹೆಸರು ಇಲ್ಲಿ ಹಾಕುವುದಿಲ್ಲ.