ಕಳ್ಳರು ಡಿವಿಆರ್ ಅನ್ನೇ ಹೊತ್ತುಕೊಂಡು ಹೋದರು, ಈಗ ಏನು ಮಾಡಲಿ?

ಸಾಗರದ ಅಡಿಕೆ ವ್ಯಾಪಾರಿ:
ನಮಸ್ಕಾರ. ನಮ್ಮದೊಂದು ಸಣ್ಣ ಅಡಿಕೆ ಗೋದಾಮಿದೆ. ಹೋದ ತಿಂಗಳು ಒಂದು ರಾತ್ರಿ ಜೋರು ಮಳೆ, ಕರೆಂಟ್ ಇರಲಿಲ್ಲ. ಬೆಳಿಗ್ಗೆ ಹೋದರೆ ಶಟರ್ ಒಂದು ಬದಿ ಮೇಲೆದ್ದಿತ್ತು. ಬೀಗ ಹಾಗೇ ಇತ್ತು, ಅದು ಕೂರುವ ಕೊಂಡಿಯನ್ನೇ ಕತ್ತರಿಸಿದ್ದರು. ರಾಶಿ ಅಡಿಕೆ ಆರು ಚೀಲ ಹೋಯಿತು. ನಾಲ್ಕು ಕ್ಯಾಮೆರಾ ಇದ್ದವು, ಆದರೆ ವಿಡಿಯೊ ರೆಕಾರ್ಡ್ ಆಗುವ ಪೆಟ್ಟಿಗೆ, ಅಂದರೆ ಡಿವಿಆರ್, ಗಲ್ಲಾದ ಪಕ್ಕ ಮೇಜಿನ ಮೇಲೇ ಇತ್ತು. ಅದೂ ಹೋಯಿತು, ವೈರುಗಳು ಮಾತ್ರ ನೇತಾಡ್ತಿದ್ದವು. ಕಾವಲಿಗೆ ಒಬ್ಬರನ್ನು ಇಡು ಅಂತಾರೆ ಅಪ್ಪ. ಇನ್ನೂ ಒಳ್ಳೆ ಕ್ಯಾಮೆರಾ ಹಾಕೋಣ ಅಂತಾನೆ ತಮ್ಮ. ಯಾವುದು ಸರಿ?

ಶಿವಮೊಗ್ಗದ ಕ್ಯಾಮೆರಾ ಮೆಕ್ಯಾನಿಕ್:
ಓದಿ ಬೇಜಾರಾಯ್ತು ಅಣ್ಣ. ಹದಿನಾಲ್ಕು ವರ್ಷದಿಂದ ನನ್ನದು ಇದೇ ಕೆಲಸ. ಹೊಸ ಕ್ಯಾಮೆರಾ ಆಮೇಲೆ ತಗೊಳ್ಳಿ. ಮೊದಲು ವೆಲ್ಡರನ್ನು ಕರೆಸಿ, ಶಟರ್ ಒಳಗೆ ಇನ್ನೊಂದು ಕಬ್ಬಿಣದ ಗೇಟು ಕೂರಿಸಿ. ಶಟರ್‌ಗೆ ಮ್ಯಾಗ್ನೆಟ್ ಸೆನ್ಸರ್ ಹಾಕಿ. ಶಟರ್ ಸ್ವಲ್ಪ ಎದ್ದರೂ ಸೈರನ್ ಕೂಗುತ್ತೆ, ನಿಮ್ಮ ಮೊಬೈಲಿಗೆ ಕರೆ ಬರುತ್ತೆ. ಕಳ್ಳ ಆಗಿನ್ನೂ ಒಳಗಿನ ಗೇಟಿನ ಮುಂದೆ ನಿಂತಿರ್ತಾನೆ. ನೀವು ಬಂದು ಸೇರುವ ತನಕ ಆ ಗೇಟು ತಡೆಯಬೇಕು. ಗೇಟಿಲ್ಲದೆ ಬರೀ ಸೆನ್ಸರ್ ಹಾಕಿದರೆ, ನೀವು ಎದ್ದು ಬರುವಷ್ಟರಲ್ಲಿ ಚೀಲ ಗಾಡಿ ಹತ್ತಿರುತ್ತೆ.

ಸಿಮ್ ಹಾಕುವ, ಒಳಗೇ ಬ್ಯಾಟರಿ ಇರುವ ಅಲಾರಂ ತಗೊಳ್ಳಿ. ಸಿಮ್ ರೀಚಾರ್ಜ್ ಮರೀಬೇಡಿ, ಎಷ್ಟೋ ಕಡೆ ಅಲಾರಂ ಸುಮ್ನೆ ಗೋಡೆ ಮೇಲೆ ಇರೋದು ಇದರಿಂದಲೇ. ಡಿವಿಆರನ್ನು ಅಟ್ಟದಲ್ಲಿ, ಗಾಳಿಯಾಡುವ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಪೆಟ್ಟಿಗೆಯನ್ನು ಗೋಡೆಗೆ ಬೋಲ್ಟ್ ಮಾಡಿಸಿ. ಕರೆಂಟ್ ಹೋದಾಗ ನಡೆಸೋಕೆ ಯುಪಿಎಸ್ ಡಿವಿಆರ್‌ಗಷ್ಟೇ ಅಲ್ಲ, ಇಂಟರ್ನೆಟ್ ರೂಟರ್‌ಗೂ ಬೇಕು. ಇವುಗಳ ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ. 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್ (ಹಾನಿ ಮಾಡೋ ಸಾಫ್ಟ್‌ವೇರ್) ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರ್‌ಗಳಿಗೆ ನುಗ್ಗಿತ್ತು. ಕಂಪನಿ ಕೊಟ್ಟ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ, ಅಷ್ಟೇ ಸಾಕಾಯ್ತು ಅದಕ್ಕೆ.

ನಮ್ಮ ಮಲೆನಾಡಿನ ತಾಪತ್ರಯ ಇನ್ನೊಂದಿದೆ. ರಾತ್ರಿ ಕ್ಯಾಮೆರಾ ಹತ್ತಿರ ಹುಳ ಬರುತ್ತೆ, ಹುಳ ಹಿಡಿಯೋಕೆ ಜೇಡ ಬಂದು ಲೆನ್ಸ್ ಮುಂದೆಯೇ ಬಲೆ ಕಟ್ಟುತ್ತೆ. ಬಲೆ ಅಲ್ಲಾಡಿದಾಗೆಲ್ಲ ಮೊಬೈಲ್ ಟಿಣ್ ಅನ್ನುತ್ತೆ. ಬೇಸತ್ತು ನೋಟಿಫಿಕೇಶನ್ ಆಫ್ ಮಾಡಿದವರನ್ನು ತುಂಬಾ ನೋಡಿದ್ದೇನೆ. ವಾರಕ್ಕೊಮ್ಮೆ ಕೋಲಿಗೆ ಬಟ್ಟೆ ಸುತ್ತಿ ಒರೆಸಿ.

ಕೋರ್ಟ್ ಕೆಲಸದವ:
ಒಂದು ಮಾತು ಸೇರಿಸ್ತೇನೆ. ವಿಡಿಯೊ ಸಿಕ್ಕರೆ, ಸ್ಕ್ರೀನನ್ನು ಮೊಬೈಲಲ್ಲಿ ಶೂಟ್ ಮಾಡಿಟ್ಟುಕೊಂಡು ಸುಮ್ಮನಾಗಬೇಡಿ. ಮೂಲ ಹಾರ್ಡ್‌ಡಿಸ್ಕ್ ಅಳಿಸಿಹೋಗದಂತೆ ತೆಗೆದಿಡಿ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಕಾಪಿ ಕೊಡೋದಾದರೆ ಅದು ಯಾವ ಯಂತ್ರದಿಂದ, ಹೇಗೆ ತೆಗೆದದ್ದು ಅಂತ ದೃಢಪಡಿಸುವ, ಆ ಕಾನೂನಿನ 63ನೇ ಕಲಮಿನ ಪ್ರಮಾಣಪತ್ರ ಬೇಕು. ಡಿವಿಆರ್‌ನಲ್ಲಿ ತಾರೀಖು, ಗಂಟೆ ಸರಿ ಇದೆಯಾ ಅಂತಲೂ ಆಗಾಗ ನೋಡ್ತಿರಿ.

ಸಾಗರದ ಅಡಿಕೆ ವ್ಯಾಪಾರಿ:
ತುಂಬಾ ಉಪಕಾರ ಆಯ್ತು. ಗೇಟು, ಅಲಾರಂ ಎರಡೂ ಕೂರಿಸಿದ್ದಾಯ್ತು. ನಿನ್ನೆ ರಾತ್ರಿ ಪರೀಕ್ಷೆ ಮಾಡೋಕೆ ಮೇನ್ ಸ್ವಿಚ್ ಆಫ್ ಮಾಡಿ ತಮ್ಮ ಶಟರ್ ಎತ್ತಿದ. ಮನೆಯಲ್ಲಿದ್ದ ನನಗೆ ಫೋನ್ ಬಂತು, ಆದರೆ ಬೈಕಲ್ಲಿ ಹೋಗಿ ಸೇರೋಕೆ 9 ನಿಮಿಷ ಬೇಕಾಯ್ತು. ಪಕ್ಕದ ಅಕ್ಕಿ ಗಿರಣಿಯವರು ಅಲ್ಲೇ ಮಲಗ್ತಾರೆ. ಕೇಳಿದೆ, ಒಪ್ಪಿದರು. ಈಗ ಅಲಾರಂನಲ್ಲಿ ಮೊದಲ ನಂಬರು ಅವರದ್ದು.