ಬಸವನಹುಳು ಇಂಟರ್ನ್‌ಶಿಪ್‌ಗೆ ಹೋಗಲಾ, ಬೇಡವಾ? ಹೋಗಿ ಬಂದವರು ಹೇಳಿ

ಗೋಣಿಕೊಪ್ಪದ ವಿದ್ಯಾರ್ಥಿನಿ:
ಎಲ್ಲರಿಗೂ ನಮಸ್ಕಾರ. ಬಿ.ಎಸ್ಸಿ. ಎರಡನೇ ವರ್ಷ, ಜೂವಾಲಜಿ. ಏಪ್ರಿಲ್ ಕೊನೆಯಿಂದ ಎಂಟು ವಾರದ ಇಂಟರ್ನ್‌ಶಿಪ್ ಸಿಕ್ಕಿದೆ. ಲಕ್ಷ್ಮಣತೀರ್ಥ, ಹಾರಂಗಿ ನದಿಗಳ ಕಡೆಯ ತೋಡು (ಸಣ್ಣ ಹಳ್ಳ), ಗದ್ದೆ, ಕೆರೆಗಳಲ್ಲಿ ಬಸವನಹುಳು ಹಿಡಿದು ಒಳಗಿರುವ ಪರಾವಲಂಬಿ ನೋಡುವ ಕೆಲಸ. ತಿಂಗಳಿಗೆ 10,000 ಕೊಡುತ್ತಾರೆ, ಊಟ ವಸತಿ ನಮ್ಮದು. ಅಪ್ಪ ಬೇಡ ಅನ್ನುತ್ತಿದ್ದಾರೆ. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಒಂದು ಲ್ಯಾಬ್ ಕೋರ್ಸ್ ಇದೆ, ಅದಕ್ಕೆ ನಾವೇ 18,000 ಕಟ್ಟಬೇಕು. ಯಾವುದಕ್ಕೆ ಹೋಗಲಿ?

ಮಡಿಕೇರಿಯಿಂದ, ಈಗ ಎಂ.ಎಸ್ಸಿ.:
ಮೂರು ವರ್ಷದ ಹಿಂದೆ ಇಂಥದ್ದಕ್ಕೇ ಹೋಗಿದ್ದೆ. ಲೆಕ್ಕ ಇನ್ನೂ ಡೈರಿಯಲ್ಲಿದೆ. ತಿಂಗಳಿಗೆ 8,000, ಎರಡು ತಿಂಗಳಿಗೆ 16,000. ಕುಶಾಲನಗರದಲ್ಲಿ ರೂಮಿಗೆ 8,000 ಹೋಯಿತು. ಮೆಸ್ಸಿಗೆ 5,600, ಸ್ಕೂಟಿಯ ಪೆಟ್ರೋಲಿಗೆ 3,900. ಗಮ್‌ಬೂಟು 650ರದ್ದು ಹದಿನೈದೇ ದಿನಕ್ಕೆ ಹರಿಯಿತು, ಆಮೇಲೆ 850 ಕೊಟ್ಟು ಇನ್ನೊಂದು ತಗೊಂಡೆ. ಒಟ್ಟು 19,000. ಅಂದರೆ ಕೈಯಿಂದ 3,000 ಹೋಯಿತು. ಆ 16,000 ಕೂಡ ಬಂದದ್ದು ನವೆಂಬರ್‌ನಲ್ಲಿ. ಅಲ್ಲಿವರೆಗೆ ಅಮ್ಮನ ಚೀಟಿ ದುಡ್ಡಿನಲ್ಲಿ ಬದುಕಿದೆ.

ಮೊದಲ ವಾರ ಇಡೀ ಹಾಳು. ಹಿಡಿದು ತಂದ ಹುಳುಗಳನ್ನು ನಲ್ಲಿ ನೀರಿಗೆ ಹಾಕಿದೆ. ಕ್ಲೋರಿನ್ ಇರುತ್ತೆ ಅಂತ ಯಾರೂ ಹೇಳಲಿಲ್ಲ. ಎಲ್ಲವೂ ಚಿಪ್ಪಿನೊಳಗೆ ಎಳೆದುಕೊಂಡವು, ಮತ್ತೆ ಹೊರಗೆ ಬರಲೇ ಇಲ್ಲ. ಬೆಳಿಗ್ಗೆ ರೂಮಿಡೀ ನಾತ. ಅದಾದ ಮೇಲೆ ತೋಡಿನ ನೀರನ್ನೇ ಸೋಸಿ ತರುತ್ತಿದ್ದೆ.

ಎಂಟು ವಾರಕ್ಕೆ 612 ಹುಳು. ಬೆಳಕಿಗಿಟ್ಟಾಗ ನೀರಿಗೆ ಪರಾವಲಂಬಿ ಬಿಟ್ಟ ಹುಳು ಬರೀ ಒಂಬತ್ತು. ಆದರೆ ಆ ಮೊದಲನೆಯದನ್ನು ಸಾಯೋವರೆಗೂ ಮರೆಯಲ್ಲ. ಐಸ್‌ಕ್ರೀಂ ಕಪ್ಪಿಗೆ ಒಂದೊಂದು ಹುಳು ಹಾಕಿ ಟೇಬಲ್ ಲ್ಯಾಂಪ್ ಕೆಳಗೆ ಸಾಲಾಗಿ ಇಟ್ಟಿದ್ದೆ. ಹತ್ತೂಕಾಲಿಗೆ ಒಂದು ಕಪ್ಪಿನ ನೀರಿನಲ್ಲಿ ಧೂಳು ಬಿದ್ದ ಹಾಗೆ ಕಂಡಿತು. ಚೆಲ್ಲೋಣ ಅಂತ ಎತ್ತಿದೆ. ಧೂಳು ಅಲುಗಾಡುತ್ತಿತ್ತು. ಲೆನ್ಸ್ ಕೆಳಗೆ ನೋಡಿದರೆ ತುದಿಯಲ್ಲಿ ಬಾಲ ಕವೆಯ ಹಾಗೆ ಎರಡಾಗಿ ಸೀಳಿತ್ತು. ನಾಲ್ಕು ಸಲ ಮಿಡಿಯೋದು, ಸುಮ್ನೆ ಕೆಳಗಿಳಿಯೋದು, ಮತ್ತೆ ಮಿಡಿಯೋದು. ಸರ್ಕೇರಿಯಾ, ಅಂದರೆ ಹುಳುವಿನಿಂದ ಹೊರಬಂದು ಈಜುವ ಪರಾವಲಂಬಿ ಮರಿ! ಒಂದು ದಿನದೊಳಗೆ ಮುಂದಿನ ಮನೆ, ಅಂದರೆ ಹೊಕ್ಕು ಬದುಕೋಕೆ ಇನ್ನೊಂದು ಪ್ರಾಣಿ, ಸಿಗದಿದ್ದರೆ ಅದರ ಕಥೆ ಹೆಚ್ಚುಕಮ್ಮಿ ಮುಗಿದಂತೆ.

ಸೋಮವಾರಪೇಟೆಯಿಂದ:
ನಾನು ಹೋಗಿದ್ದು ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್‌ಗೆ. ಎರಡು ತಿಂಗಳು ಮೀನಿನ ಕಿವಿರು ಬಿಡಿಸಿ ಅಲ್ಲಿ ಅಂಟಿಕೊಂಡಿರುವ ಡ್ಯಾಕ್ಟಿಲೋಗೈರಸ್ ಅನ್ನೋ ಪರಾವಲಂಬಿ ಎಣಿಸಿದೆ. ಒಂದು ದಿನವೂ ಕೆಸರಿಗೆ ಇಳಿಯಲಿಲ್ಲ, ಒಂದು ಜಿಗಣೆಯೂ ಹತ್ತಲಿಲ್ಲ. ಕೈಗೆ ಒಳ್ಳೆ ವರದಿ ಬಂತು. ಅದರ ಮೇಲೇ ಈಗ ಪಿಎಚ್.ಡಿ. ಸೀಟು ಸಿಕ್ಕಿದೆ. ಎರಡು ಸಲ ಅರ್ಜಿ ತಿರಸ್ಕಾರವಾಗಿತ್ತು, ಮೂರನೇ ಸಲ ಪ್ರಬಂಧವನ್ನು ಏಳು ಬಾರಿ ತಿದ್ದಿ ಬರೆದೆ.

ಮಡಿಕೇರಿಯವರ 612ಕ್ಕೆ ಒಂಬತ್ತು ಅನ್ನೋ ಲೆಕ್ಕವನ್ನು ನಂಬಬೇಡಿ. ದೀಪದ ಕೆಳಗೆ ಬಿಡದ ಹುಳುವಿನಲ್ಲಿ ಪರಾವಲಂಬಿ ಇಲ್ಲ ಅಂತ ಹೇಳೋಕೆ ಬರಲ್ಲ. ಒಳಗೆ ಇನ್ನೂ ಬಲಿಯದೆ ಇರಬಹುದು. ಕೆಲವು ಜಾತಿಯ ಪರಾವಲಂಬಿಗಳು ರಾತ್ರಿ ಮಾತ್ರ ಹೊರಬರುತ್ತವೆ. ಚಿಪ್ಪು ಒಡೆದು ನೋಡಬೇಕಿತ್ತು.

ಮಡಿಕೇರಿಯಿಂದ:
ಒಡೆದರೆ ಹುಳು ಸಾಯುತ್ತೆ. ಅದೇ ಹುಳುವನ್ನು ಮುಂದಿನ ವಾರ ಮತ್ತೆ ನೋಡಬೇಕಿತ್ತು ನಮಗೆ. ಬೇರೆಯವರು ಹಿಡಿದು ಕೊಟ್ಟ ಮೀನನ್ನು ಟೇಬಲ್ ಮೇಲೆ ಕುಯ್ದವರು ತೋಡಿಗೆ ಇಳಿದವರ ಲೆಕ್ಕವನ್ನು ಸುಳ್ಳು ಅನ್ನಬೇಡಿ.

ಸೋಮವಾರಪೇಟೆಯಿಂದ:
ಸುಳ್ಳು ಅನ್ನಲಿಲ್ಲ, ಕಡಿಮೆ ಬಂದಿದೆ ಅಂದೆ. ಎರಡಕ್ಕೂ ವ್ಯತ್ಯಾಸ ಇದೆ ಅಲ್ವಾ? ಅಷ್ಟಕ್ಕೇ ಸಿಟ್ಟು ಬಂದರೆ ವರದಿಯನ್ನು ಪರೀಕ್ಷಕರ ಮುಂದೆ ಹೇಗೆ ಇಡುತ್ತೀರಿ?

ವಿರಾಜಪೇಟೆಯಿಂದ:
ಅಮೆರಿಕದ ಕಡೆ ನೋಡಿ ನನ್ನ ಹಾಗೆ ಟೈಮ್ ಹಾಳು ಮಾಡಬೇಡ ತಂಗಿ. ಅಲ್ಲಿ ಎನ್‌ಎಸ್‌ಎಫ್ (ಅಲ್ಲಿಯ ಸರ್ಕಾರಿ ವಿಜ್ಞಾನ ಸಂಸ್ಥೆ) ಹಣದಲ್ಲಿ ನಡೆಯುವ ಆರ್‌ಇಯು ಅಂತ ಪದವಿ ವಿದ್ಯಾರ್ಥಿಗಳ ಸಂಶೋಧನಾ ಕಾರ್ಯಕ್ರಮ ಇದೆ. ಸರೋವರದ ಪರಾವಲಂಬಿ, ಡಾಫ್ನಿಯಾ ಅನ್ನೋ ಪುಟ್ಟ ನೀರುಜೀವಿಗೆ ತಗಲುವ ಶಿಲೀಂಧ್ರ, ಎಲ್ಲಾ ಚೆನ್ನಾಗಿದೆ. ಹನ್ನೆರಡು ರಾತ್ರಿ ಕೂತು ಅರ್ಜಿ ಬರೆದೆ. ಮೂರು ಮೇಷ್ಟ್ರ ಹತ್ತಿರ ಪತ್ರ ಬರೆಸಿದೆ. ಕೊನೆಗೆ ನೋಡಿದರೆ ಅಲ್ಲಿಯ ಪ್ರಜೆಗಳಿಗೆ, ಕಾಯಂ ನಿವಾಸಿಗಳಿಗೆ ಮಾತ್ರ. ಆ ಮೇಷ್ಟ್ರ ಮುಖ ನೋಡೋಕೆ ಒಂದು ವರ್ಷ ಆಗಲಿಲ್ಲ.

ಸಿದ್ದಾಪುರದ ಬೆಳೆಗಾರ:
ಹೋದ ವರ್ಷ ಇಂಥದ್ದೇ ಇಬ್ಬರು ಮಕ್ಕಳು ನಮ್ಮ ತೋಟದ ಕೆಳಗಿನ ತೋಡಿಗೆ ಬಂದರು. ಗೇಟಿನಲ್ಲಿ ಒಂದು ಮಾತು ಕೇಳಲಿಲ್ಲ. ಆಮೇಲೆ "ನಿಮ್ಮ ಮೈಲುತುತ್ತದಿಂದ ನಮ್ಮ ಹುಳು ಎಲ್ಲಾ ಸತ್ತವು" ಅಂತ ನನ್ನ ಮೇಲೇ ಬಂದರು. ಕಾಫಿಗೆ ಮಳೆಗೆ ಮುಂಚೆ ಬೋರ್ಡೋ ದ್ರಾವಣ ಹೊಡೆಯದಿದ್ದರೆ ಎಲೆ ತುಕ್ಕು ಬಂದು ಗಿಡ ಬೋಳಾಗುತ್ತೆ. ಬ್ಯಾರಲ್ಲಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 200 ಲೀಟರ್ ನೀರು. ಆಳು ಸಿಗೋದೇ ಕಷ್ಟ, ಸಿಕ್ಕಿದ ದಿನ ಹೊಡೆಯಬೇಕು. ನಿಮ್ಮ ಹುಳು ಕಾಯುತ್ತಾ ಕೂರೋಕೆ ಆಗುತ್ತಾ?

ಮಡಿಕೇರಿಯಿಂದ:
ಅಣ್ಣ, ಹೊಡೆಯಬೇಡಿ ಅಂತ ಯಾರೂ ಹೇಳಿಲ್ಲ. ಆದರೆ ಮೈಲುತುತ್ತದಲ್ಲಿರುವ ತಾಮ್ರ ಬಸವನಹುಳುವಿಗೆ ವಿಷ. ಬೇರೆ ಕಡೆ ಹುಳು ಕೊಲ್ಲೋಕೇ ಮೈಲುತುತ್ತ ಬಳಸಿದ್ದಾರೆ. ಬ್ಯಾರಲ್ ತೊಳೆದ ನೀರನ್ನು ತೋಡಿಗೆ ಬಿಟ್ಟರೆ ಕೆಳಗೆ ಏನೂ ಉಳಿಯಲ್ಲ. ನನ್ನ ಮೂರು ಜಾಗ ಹಾಗೇ ಹೋದವು. ಐದು ವಾರದ ಕೆಲಸ!

ಪೊನ್ನಂಪೇಟೆಯಿಂದ ಒಬ್ಬ ಅಮ್ಮ:
ನನ್ನ ಮಗಳೂ ಹೋಗಿದ್ದಳು. ಮೂರನೇ ದಿನವೇ ಮೊಣಕಾಲಿನವರೆಗೆ ಕೆಂಪು ಗುಳ್ಳೆ, ರಾತ್ರಿಯೆಲ್ಲಾ ತುರಿಕೆ. ಡಾಕ್ಟರಿಗೆ, ಮುಲಾಮಿಗೆ 1,240 ರೂಪಾಯಿ. ದನಕ್ಕೋ ಹಕ್ಕಿಗೋ ಹೋಗಬೇಕಾದ ಪರಾವಲಂಬಿ ಮರಿ ದಾರಿ ತಪ್ಪಿ ಮನುಷ್ಯರ ಚರ್ಮಕ್ಕೆ ಹೊಕ್ಕು ಅಲ್ಲೇ ಸಾಯುತ್ತಂತೆ, ಅದರಿಂದ ಬರೋ ತುರಿಕೆ ಅದು. ನಾಟಿ ಮಾಡುವಾಗ ನಮಗೂ ಆಗುತ್ತಿತ್ತು. ನೀರಿನ ದೋಷ ಅಂತ ಎಣ್ಣೆ ಹಚ್ಚಿಕೊಂಡು ಸುಮ್ಮನಾಗುತ್ತಿದ್ದೆವು.

ನಮ್ಮ ಕೊಟ್ಟಿಗೆಯಲ್ಲಿ ಒಂದು ಹಸು ವರ್ಷಗಟ್ಟಲೆ ಗೊರಕೆ ಹೊಡೆಯುತ್ತಿತ್ತು. ಮೂಗಿನಲ್ಲಿ ಸಿಂಬಳ, ಒಳಗೆ ಗಡ್ಡೆ. ಹಾಲು ಇಳಿಯಿತು. ಔಷಧಿಗೆ ಸುರಿದ ದುಡ್ಡಿಗೆ ಲೆಕ್ಕವಿಲ್ಲ, ಕೊನೆಗೆ ಮಾರಿಬಿಟ್ಟೆವು. ಮಗಳು ಬಂದು ಗದ್ದೆಯ ಚಪ್ಪಟೆ ಸುರುಳಿಯ ಹುಳು ಒಂದನ್ನು ಅಂಗೈಯಲ್ಲಿಟ್ಟು ತೋರಿಸಿದಳು. ಶಿಸ್ಟೊಸೋಮಾ ನೇಸೇಲ್ ಅನ್ನೋ ಪರಾವಲಂಬಿ ಇದರೊಳಗೆ ಬೆಳೆದು ದನದ ಮೂಗಿಗೆ ಹೋಗುತ್ತೆ ಅಂದಳು. 1933ರಲ್ಲೇ ಅದಕ್ಕೆ ಹೆಸರಿಟ್ಟಿದ್ದಾರಂತೆ. ಅದು ಗದ್ದೆಯ ಹುಳುವಿನಿಂದ ಬರುತ್ತೆ ಅಂತ ಇಷ್ಟು ವರ್ಷ ನಮಗೆ ಒಬ್ಬರೂ ಹೇಳಲಿಲ್ಲವಲ್ಲ ಅಂತ ಹೊಟ್ಟೆ ಉರಿಯಿತು. ಮಗಳು ಕಲಿತದ್ದರಿಂದ ಮುಂದಿನ ಕರುವನ್ನು ಆ ನೀರಿಗೆ ಬಿಡಲಿಲ್ಲ.

ಸೋಮವಾರಪೇಟೆಯಿಂದ:
ಅಮ್ಮ, ನಿಮ್ಮ ಹಸುವಿಗೆ ಅದೇ ರೋಗ ಅಂತ ಸಿಂಬಳದಲ್ಲಿ ಮೊಟ್ಟೆ ನೋಡಿ ಖಚಿತ ಮಾಡಿದ್ರಾ? ಗೊರಕೆಗೆ ಬೇರೆ ಕಾರಣವೂ ಇರುತ್ತೆ.

ಪೊನ್ನಂಪೇಟೆಯಿಂದ ಒಬ್ಬ ಅಮ್ಮ:
ಹಸು ನನ್ನದು, ರಾತ್ರಿ ಅದರ ಪಕ್ಕ ಕೂತವಳೂ ನಾನೇ. ಮಾರೋ ಮುಂಚೆ ಮೊಟ್ಟೆಯನ್ನು ದನದ ಡಾಕ್ಟರೇ ನೋಡಿದರು, ಮಗಳಿಗೂ ತೋರಿಸಿದರು. ಕೇಳೋದಾದರೆ ಮರ್ಯಾದೆಯಿಂದ ಕೇಳಪ್ಪ.

ಗೋಣಿಕೊಪ್ಪದ ವಿದ್ಯಾರ್ಥಿನಿ:
ಎಲ್ಲರಿಗೂ ಥ್ಯಾಂಕ್ಸ್. ಬೆಂಗಳೂರು ಕೋರ್ಸ್ ಬಗ್ಗೆ ಯಾರೂ ಹೇಳಲಿಲ್ಲ. ಅಪ್ಪನಿಗೆ ಏನು ಹೇಳಲಿ?

ಸಿದ್ದಾಪುರದ ಬೆಳೆಗಾರ:
ಮಡಿಕೇರಿಯವರಿಗೆ: ತೊಳೆದ ನೀರು ತೋಡಿಗೆ ಹೋಗಿದ್ದು ತಪ್ಪೇ. ಒಪ್ಪುತ್ತೇನೆ. ಈಗ ಬಾಣೆಯ (ಗದ್ದೆಯ ಮೇಲಿನ ಎತ್ತರದ ಜಾಗ) ಹತ್ತಿರ ಗುಂಡಿ ತೆಗೆಸಿದ್ದೇನೆ, ಅದಕ್ಕೆ 2,600 ಆಯಿತು. ಹೇಳದೆ ಗೇಟು ದಾಟಿದ್ದೂ ತಪ್ಪು, ಅದನ್ನು ನೀವೂ ಒಪ್ಪಬೇಕು. ಗೋಣಿಕೊಪ್ಪದ ಮಗು, ನಮ್ಮ ಕಡೆ ಬರೋದಾದರೆ ಮೇ ಎರಡನೇ ವಾರಕ್ಕೆ ಮುಂಚೆ ಬಾ. ಆಮೇಲೆ ಸ್ಪ್ರೇ ಶುರು. ಅಪ್ಪನನ್ನೂ ಒಂದು ದಿನ ಕರೆದುಕೊಂಡು ಬಾ, ತೋಡು ನೋಡಲಿ.