ಅನ್ನನಾಳದ ಕ್ಯಾನ್ಸರ್: ಕೋಶ ತನ್ನ ಗುರುತು ಬಿಟ್ಟರೆ ಗೆಡ್ಡೆ ಜೋರಾಗುತ್ತದಾ?

ಶಶಿಕಲಾ: ಹೌದು ಅಂತಲೇ ನನ್ನ ವಾದ. ಗುರುತು ಅಂದರೆ ಕೋಶ ಯಾವ ಪದರದ್ದು, ಯಾವ ಬಗೆಯದ್ದು ಅನ್ನುವುದು. ಕೆಲವು ಬಯಾಪ್ಸಿಗಳಲ್ಲಿ ಕೋಶ ಯಾವ ಪದರದ್ದು ಅಂತ ಮೈಕ್ರೋಸ್ಕೋಪಿನಲ್ಲಿ ನೋಡಿದರೂ ಹೇಳುವುದು ಕಷ್ಟ. ಅಂಥವೇ ಜಾಸ್ತಿ ಹರಡುವುದು. ನಾಚ್1 ಜೀನ್ ಕೆಟ್ಟರೂ ಅದೇ ಕಥೆ, ಕೋಶ ಸರಿಯಾಗಿ ಬಲಿಯುವುದಿಲ್ಲ.

ರಾಘು: 'ಗುರುತು ಬಿಟ್ಟರೆ' ಅನ್ನುವುದನ್ನು ನಾನು ಒಪ್ಪಲ್ಲ. ಸ್ಕ್ವೇಮಸ್ ಗೆಡ್ಡೆಗಳಲ್ಲಿ, ಅಂದರೆ ಒಳಪದರದ ಚಪ್ಪಟೆ ಕೋಶಗಳಿಂದ ಹುಟ್ಟುವವುಗಳಲ್ಲಿ, ಸಾಕ್ಸ್2, ಟಿಪಿ63 ಜೀನ್‌ಗಳ ಪ್ರತಿಗಳು ಎಷ್ಟೋ ಸಲ ಹೆಚ್ಚಾಗಿರುತ್ತವೆ. ಅನ್ನನಾಳದ ಒಳಪದರವನ್ನು ರೂಪಿಸುವ ಜೀನ್‌ಗಳೇ ಅವು! 2009ರ ಪ್ರಯೋಗದಲ್ಲಿ ಸಾಕ್ಸ್2 ತಗ್ಗಿಸಿದಾಗ ಕ್ಯಾನ್ಸರ್ ಕೋಶಗಳ ಬೆಳವಣಿಗೆ ಕುಂದಿತು. ಗುರುತನ್ನು ಹಿಡಿದುಕೊಂಡೇ ಗೆಡ್ಡೆ ಬೆಳೆಯುತ್ತಿದೆ.

ಮಂಜುಳಾ: ನಾಚ್1 ಅಂದಿರಲ್ಲ ಶಶಿಕಲಾ ಅವರೇ, ಅದನ್ನು ಮೊದಲು ಇತ್ಯರ್ಥ ಮಾಡೋಣ. 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ ನೋಡಿ. ನಡುವಯಸ್ಸಿನವರ ಆರೋಗ್ಯವಂತ ಅನ್ನನಾಳದಲ್ಲೇ ನಾಚ್1 ಕೆಟ್ಟ ಕೋಶಗಳು ತುಂಬಿವೆ. ಗೆಡ್ಡೆಗಳಲ್ಲಿ ಅದಕ್ಕಿಂತ ಕಡಿಮೆ.

ಶಶಿಕಲಾ: 'ಕಡಿಮೆ' ಅಂದರೆ ಇಲ್ಲ ಅಂತಲ್ಲ. ಗೆಡ್ಡೆಗಳಲ್ಲೂ ಸಿಗುತ್ತದೆ ಅಲ್ವಾ?

ಮಂಜುಳಾ: ಸಿಕ್ಕ ಮಾತ್ರಕ್ಕೆ ಕಾರಣ ಆಗಿಬಿಡುತ್ತದಾ? 2023ರಲ್ಲಿ ಇಲಿಗಳ ಮೇಲೆ ನೋಡಿದ್ದಾರೆ. ನಾಚ್1 ಕಳೆದುಕೊಂಡ ಕೋಶ ಒಳಪದರದಲ್ಲೆಲ್ಲ ಹಬ್ಬುತ್ತದೆ. ಗೆಡ್ಡೆಯಲ್ಲಿ ಅದೇ ನಷ್ಟ ಬೆಳವಣಿಗೆಗೆ ಅಡ್ಡಿ.

ಶಶಿಕಲಾ: ಇಲಿಯ ಅನ್ನನಾಳ ಮನುಷ್ಯರದ್ದಲ್ಲ. ಅದರ ಒಳಪದರದ ಮೇಲ್ಭಾಗವೇ ಕೆರಾಟಿನ್ ಆಗಿ ಗಟ್ಟಿಯಾಗಿರುತ್ತದೆ. ಸುಮ್ನೆ ಇಲಿ ತೋರಿಸಿ ಬಾಯಿ ಮುಚ್ಚಿಸಬೇಡಿ.

ಮಂಜುಳಾ: ಬಾಯಿ ಮುಚ್ಚಿಸುತ್ತಿರುವವರು ಯಾರು? 2018ರದ್ದು ಮನುಷ್ಯರ ಅನ್ನನಾಳವೇ. ಅದಕ್ಕೆ ನೀವು ಉತ್ತರವನ್ನೇ ಕೊಟ್ಟಿಲ್ಲ!

ನಾಗರಾಜ: ನಾಚ್1 ಸಾಕು ಮಾಡಿ. ಬ್ಯಾರೆಟ್ ಸ್ಥಿತಿಯಲ್ಲಿ ಅನ್ನನಾಳದ ಕೆಳತುದಿಯ ಒಳಪದರ ಕರುಳಿನ ಥರ ಆಗುತ್ತದೆ. ಕರುಳಿನ ಸಿಡಿಎಕ್ಸ್2 ಜೀನ್ ಚಾಲೂ ಆಗಿರುತ್ತದೆ. ಗುರುತು ಪೂರ್ತಿ ಬೇರೆ. ಆದರೂ 2011ರ ಡೆನ್ಮಾರ್ಕ್ ಅಧ್ಯಯನದಲ್ಲಿ ಅಡಿನೋಕಾರ್ಸಿನೋಮಾ, ಅಂದರೆ ಗ್ರಂಥಿ ಕೋಶಗಳ ಥರದ ಕ್ಯಾನ್ಸರ್, ಬಂದಿದ್ದು ಬ್ಯಾರೆಟ್ ಇದ್ದವರಲ್ಲಿ ವರ್ಷಕ್ಕೆ ಶೇ. 0.12ರಷ್ಟು ಜನರಿಗೆ. ಗೆಡ್ಡೆ ಬೆಳೆಯದಂತೆ ತಡೆಯುವ ಟಿಪಿ53 ಜೀನ್ ಕೆಟ್ಟಾಗಲೇ ನಿಜವಾದ ಅಪಾಯ.

ರಾಘು: 'ಅನ್ನನಾಳದ ಒಳಪದರ' ಹೇಗೆ ಆಗುತ್ತದೆ? ಬ್ಯಾರೆಟ್ ಕೋಶಗಳು ಜಠರದ ಮೇಲ್ತುದಿಯಿಂದ ಬರುತ್ತವೆ ಅಂತ 2021ರಲ್ಲೇ ತೋರಿಸಿದ್ದಾರೆ. ಗುರುತು ಬದಲಾಯಿತು ಅನ್ನುವ ಮುಂಚೆ ಮೂಲ ಯಾವುದು ನೋಡಬೇಕು.

ನಾಗರಾಜ: ಮೂಲ ಯಾವುದೇ ಇರಲಿ, ಗುರುತು ಚಿಕಿತ್ಸೆಯಲ್ಲಿ ಕಾಣುತ್ತದೆ. ಅನ್ನನಾಳದ ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ಕ್ರಾಸ್ ಅನ್ನುವ ಚಿಕಿತ್ಸಾ ಪ್ರಯೋಗದಲ್ಲಿ ಕೀಮೋ, ರೇಡಿಯೇಷನ್ ಆದ ಮೇಲೆ ಆಪರೇಷನ್‌ನಲ್ಲಿ ತೆಗೆದ ಭಾಗ ನೋಡಿದರು. ಸ್ಕ್ವೇಮಸ್‌ನವರಲ್ಲಿ ಶೇ. 49ರಷ್ಟು ಜನರಲ್ಲಿ ಕ್ಯಾನ್ಸರ್ ಉಳಿದಿರಲಿಲ್ಲ. ಅಡಿನೋಕಾರ್ಸಿನೋಮಾದವರಲ್ಲಿ ಶೇ. 23.

ಶಶಿಕಲಾ: ನೋಡಿ, ಗುರುತೇ ಮುಖ್ಯ ಅಂತ ನೀವೇ ಹೇಳಿದಿರಿ.

ಮಂಜುಳಾ: ಅವರು ಹೇಳಿದ್ದು ಚಿಕಿತ್ಸೆಯ ಬಗ್ಗೆ. 2018ರ ಪ್ರಶ್ನೆಗೆ ಉತ್ತರ ಕೊಡಿ.